ಮೂರನೆಯ ವಾಕ್ಯ

ಗ್ರಿಮ್ಸ್‌ಬಿ. ಮೆಥಡಿಸ್ಟ್ ಚರ್ಚಿನ ಹಿಂಬದಿಯ ಕೋಣೆ.
ಗುರುವಾರ, ಸಂಜೆ ಆರೂವರೆ.
ಹೀಟರು ಕೆಮ್ಮುತ್ತದೆ, ಕಾಯುವುದಿಲ್ಲ.
ಕಾಯುವವರು ನಾವು: ಒಂಬತ್ತು ಪ್ಲಾಸ್ಟಿಕ್ ಕುರ್ಚಿ,
ಬಾಯಿಗೊಂದು ಭಾಷೆ.

ಲೊರೇನ್ ಮೇಡಂ ಬೋರ್ಡಿನ ಮೇಲೆ ಗೆರೆ ಎಳೆಯುತ್ತಾರೆ.
ಎಡತುದಿಗೆ ದಪ್ಪ ಚುಕ್ಕೆ,
ಬಲತುದಿಗೆ ಚುಕ್ಕೆಯಿಲ್ಲ, ಬಾಣ.
ಶುರುವಾಗಿದೆ, ನಿಂತಿಲ್ಲ. ಇಷ್ಟೇ ಅಂತೆ ಈ ಕಾಲ.
ಹ್ಯಾವ್, ಬೀನ್, ಬಾಲಕ್ಕೊಂದು ಇಂಗ್;
ಮೂರು ಡಬ್ಬಿಯ ರೈಲು, ಒಂದು ಕಳಚಿದರೂ ಹಳಿ ತಪ್ಪುತ್ತದೆ.

ಫಾರ್ ಅಂದರೆ ಎಷ್ಟು ಕಾಲ, ಸಿನ್ಸ್ ಅಂದರೆ ಎಂದಿನಿಂದ.
ತ್ಸೆಗಾಯ್‌ಗೆ ಇವೆರಡೂ ಗುರುತು ಸಿಗದ ಅವಳಿಗಳು.
‘ಐ ಹ್ಯಾವ್ ಬೀನ್ ವೇಟಿಂಗ್ ಸಿನ್ಸ್ ಫೋರ್ಟೀನ್ ಮಂತ್ಸ್’
ಅನ್ನುತ್ತಾನೆ, ಹೋಮ್ ಆಫೀಸಿನ ಕಾಗದಕ್ಕೆ.
ಮೇಡಂ ಸಿನ್ಸ್ ತೆಗೆದು ಫಾರ್ ಇಡುತ್ತಾರೆ.
ತಿಂಗಳುಗಳನ್ನು ತಿದ್ದುವುದು ಅವರ ಕೈಲಿಲ್ಲ.

ಕಳೆದ ವಾರ ಕೊಟ್ಟ ಜೆರಾಕ್ಸ್ ಹಾಳೆ
ಎಷ್ಟೋ ಬ್ಯಾಚುಗಳ ಕೈ ದಾಟಿ ಮಾಸಿದ್ದು.
ಮೂರನೆಯ ವಾಕ್ಯ: ಕೀತ್, ಖಾಲಿ ಜಾಗ, ಪಿಜನ್ಸ್,
ಸಿನ್ಸ್ ಎಂಬತ್ತೊಂದು.
ಕೀತ್ ಅವರ ಗಂಡ. ನಾವ್ಯಾರೂ ನೋಡಿಲ್ಲ,
ಆದರೂ ಗೊತ್ತು: ಹಿತ್ತಿಲ ಶೆಡ್ಡು, ನಲವತ್ತು ಪಾರಿವಾಳ,
ಫ್ರಾನ್ಸಿನಲ್ಲಿ ಬಿಟ್ಟುಬಂದರೂ ಮನೆಗೇ ಮರಳುವಂಥವು.
ಪುಕ್ಕ ಕಂಡರೆ ಮೇಡಂಗೆ ಸೀನು. ಆ ಕಡೆ ಅವರು
ತಲೆ ಹಾಕಿ ಮಲಗುವುದೂ ಇಲ್ಲವಂತೆ.

ಇವತ್ತು ಎರಡು ಮುಗಿದ ಮೇಲೆ ಅಂದರು:
‘ಮೂರು ಬಿಡಿ. ನಾಲ್ಕು.’

ಆಮೇಲೆ ಆಟ. ಕುರುಹು ನೋಡಿ
ಏನು ನಡೆದಿತ್ತೆಂದು ಹೇಳಬೇಕು.
ಕಿಟಕಿಯಾಚೆ ನೆಲ ಒದ್ದೆ: ಮಳೆ.
ಶೀಲಾನಳ ಉಗುರಲ್ಲಿ ಹಿಟ್ಟು: ರೊಟ್ಟಿ.
ನನ್ನ ಕೈ ನೋಡುವುದೂ ಬೇಡ, ಮೂಗಿದ್ದರೆ ಸಾಕು,
‘ಹಲೀನಾ ಹ್ಯಾಸ್ ಬೀನ್ ಕಟಿಂಗ್ ಫಿಶ್!’
ಕ್ಲಾಸೆಲ್ಲ ನಕ್ಕಿತು. ನಾನೂ.

ತ್ಸೆಗಾಯ್ ಎದ್ದುನಿಂತ. ಬೆರಳು ಮೇಡಂ ಕಡೆಗೆ.
ಸ್ವೆಟರಿನ ತೋಳಲ್ಲೊಂದು ಬೂದು ಗರಿ,
ಜೇಬಿನಂಚಿಗೆ ಸಿಕ್ಕಿಕೊಂಡ ಮೆಕ್ಕೆಜೋಳದ ಕಾಳು,
ಕೆಂಪಗೆ ಊದಿದ ಮೂಗು.
‘ಯೂ ಹ್ಯಾವ್ ಬೀನ್ ಫೀಡಿಂಗ್ ದ ಬರ್ಡ್ಸ್.’
ಒಂದಕ್ಷರ ತಪ್ಪಿಲ್ಲ! ಆರು ತಿಂಗಳಲ್ಲಿ ಇದೇ ಮೊದಲು.
‘ಗುಡ್,’ ಅಂದರು ಮೇಡಂ.

ಶೀಲಾನ್ ಹುರುಪಿನಲ್ಲಿ ಕೇಳಿಯೇಬಿಟ್ಟಳು,
‘ಫ್ರಮ್ ವೆನ್, ಟೀಚರ್?’
‘ಸಿನ್ಸ್,’ ತಿದ್ದಿದರು, ಬೋರ್ಡಿಗೆ ಮುಖ ಮಾಡಿ.
‘ಸಿನ್ಸ್ ಟ್ಯೂಸ್‌ಡೇ.’

ಹೀಟರು ಕೆಮ್ಮಿತು.
ಬಾಣದ ತುದಿಯನ್ನು ಡಸ್ಟರಿನಿಂದ ಮುಟ್ಟಿ, ಬಿಟ್ಟರು.

ನಾನು ಮನೆಯಲ್ಲೇ ಪೆನ್ಸಿಲಿನಲ್ಲಿ ತುಂಬಿ ತಂದಿದ್ದೆ
ಮೂರನೆಯ ಖಾಲಿ ಜಾಗ: ಹ್ಯಾಸ್ ಬೀನ್ ಕೀಪಿಂಗ್.
ರಬ್ಬರಿಗೆ ತಡಕಾಡಿದೆ.
ಹ್ಯಾಸ್ ಹೋಗಿ ಹ್ಯಾಡ್ ಆಗಲು ಒಂದೇ ಅಕ್ಷರ;
ಆ ಪಾಠ ಇನ್ನೂ ಬಂದಿಲ್ಲ ನಮಗೆ.
ಹಾಳೆಯನ್ನು ಹಾಗೇ ಕೊಟ್ಟೆ.

ಮುಂದಿನ ಗುರುವಾರ ವಾಪಸು ಬಂತು.
ನಾಲ್ಕು ತಪ್ಪು, ಏಳು ತಪ್ಪು, ಒಂಬತ್ತರಲ್ಲಿ ಸ್ಪೆಲ್ಲಿಂಗು.
ಮೂರರ ಪಕ್ಕ, ಉಳಿದವಕ್ಕಿಂತ ಕೊಂಚ ಒತ್ತಿ ಬರೆದ
ಕೆಂಪು ಸರಿ.