ಜನವರಿ ಒಂದು

ಐಸ್ ಡಬ್ಬಿಯನ್ನು ಕಾಲ ಸಂದಿಗಿಟ್ಟುಕೊಂಡು
ಬೆಳಗಿನ ಆರಕ್ಕೆ ಸ್ಕೂಟಿ ಹತ್ತುತ್ತೇನೆ.
ರಿಂಗ್ ರಸ್ತೆ ದಾಟಿದರೆ ಟೈರು ಸುಟ್ಟ ಹೊಗೆಯೇ
ಮಂಡಕ್ಕಿ ಭಟ್ಟಿಗೆ ದಾರಿ ಹೇಳುತ್ತದೆ.

ನನ್ನ ಕೆಲಸ ಇಷ್ಟೇ: ತೋಳಿಗೆ ರಬ್ಬರು ಕಟ್ಟಿ
ನರ ಹುಡುಕಿ ಐದು ಎಂ.ಎಲ್. ಎಳೆಯುವುದು,
ನೇರಳೆ ಮುಚ್ಚಳದ ಕೊಳವೆಗೆ ನಂಬರು ಅಂಟಿಸುವುದು.
ಉಳಿದದ್ದು ಮೂರನೇ ಮಹಡಿಯ ಮೇಡಂಗೆ ಬಿಟ್ಟದ್ದು.

ವರ್ಷ ಕಳೆದಂತೆ ಡಿಎನ್‌ಎ ದಾರದ ಮೇಲೆ
ಸಣ್ಣ ಸಣ್ಣ ಗುರುತು ಕೂರುತ್ತವಂತೆ.
ಲೈಬ್ರರಿ ಪುಸ್ತಕದಲ್ಲಿ ಯಾರೋ ಪೆನ್ಸಿಲು ಹಿಡಿದು
ಇದನ್ನು ಓದು, ಇದನ್ನು ಬಿಡು ಎಂದು ಗೀಚಿದ ಹಾಗೆ.
ಪುಸ್ತಕ ಅದೇ. ಓದು ತಪ್ಪುತ್ತಾ ಹೋಗುತ್ತದೆ.
ಗೀಚು ಎಣಿಸಿದರೆ ವಯಸ್ಸು ಸಿಗುತ್ತದೆ.
ಅಳಿಸಿದರೆ?
ಎಲ್ಲೋ ಒಂದು ಲ್ಯಾಬಿನಲ್ಲಿ
ಇಲಿಯ ಕಣ್ಣಿನ ನರ ಮತ್ತೆ ಚಿಗುರಿದೆಯಂತೆ,
ಚರ್ಮದ ಕಣ ತಾನು ಚರ್ಮವೆಂಬುದನ್ನೇ ಮರೆತು
ಹುಟ್ಟುವ ಮೊದಲಿನ ಹೊಸ್ತಿಲಿಗೆ ಹೋಗಿ ನಿಂತಿದೆಯಂತೆ.
"ಪೂರ್ತಿ ಅಳಿಸಿದ್ರೆ ಗಡ್ಡೆ ಆಗ್ತದೆ," ಅನ್ನುತ್ತಾರೆ ಮೇಡಂ,
"ಎಲ್ಲಿ ನಿಲ್ಲಿಸ್ಬೇಕು ಅನ್ನೋದೇ ಕಷ್ಟ ನೋಡು."

ಮೊನ್ನೆ ಎಂಸಿಸಿ ಬಿ ಬ್ಲಾಕಿನ ಕೊಟ್ರಬಸಪ್ಪನವರಿಗೆ ಚುಚ್ಚಿದ್ದೆ.
ಅಕ್ಕಿ ಗಿರಣಿ, ಅರವತ್ತೊಂಬತ್ತು.
ಸಂಜೆ ಆರರ ಮೇಲೆ ಬಾಯಿಗೆ ಬರೀ ನೀರು,
ಬೆಳಿಗ್ಗೆ ಐಸ್ ಸುರಿದ ತೊಟ್ಟಿಯಲ್ಲಿ ಮೂರು ನಿಮಿಷ,
ತಿಂಗಳಿಗೆ ಹನ್ನೊಂದು ಸಾವಿರದ ಮಾತ್ರೆ.
ಬೆಣ್ಣೆ ದೋಸೆ ಬಿಟ್ಟು ಎರಡು ವರ್ಷವಂತೆ,
ಅದನ್ನು ಹೇಳುವಾಗ ಮಾತ್ರ ದನಿ ಮುದಿಯಾಯಿತು.
ರಕ್ತ ಅರವತ್ತೊಂದು ಅಂದಿತು.
ರಿಪೋರ್ಟಿಗೆ ಫ್ರೇಮು ಹಾಕಿಸಿದರೆಂದು ಡ್ರೈವರ್ ಹೇಳಿದ.

ಇಲ್ಲಿ ಭಟ್ಟಿಯ ಬಾಯೆದುರು ಗುಲ್ಜಾರ್‌ಬಿ.
ಕಾದ ಮರಳಿಗೆ ಅಕ್ಕಿ ಎಸೆಯುತ್ತಾಳೆ,
ಉಸಿರೊಂದು ಎಳೆಯುವಷ್ಟರಲ್ಲಿ ಅದು ಬೆಳ್ಳಗೆ ಉಬ್ಬಿ
ಜರಡಿಗೆ ಬಂದಿರುತ್ತದೆ.
ಯಾಕೆ ರಕ್ತ ಎಂದಳು. ಮುಪ್ಪನ್ನು ಹಿಂದಕ್ಕೆ
ತಿರುಗಿಸಬಹುದಾ ನೋಡೋಕೆ ಎಂದೆ.
ಕೆಮ್ಮಿ ಕೆಮ್ಮಿ ನಕ್ಕಳು:
"ಮಂಡಕ್ಕಿನ ಮತ್ತೆ ಅಕ್ಕಿ ಮಾಡ್ತೀನಿ ಅಂದಂಗಾತು."

ಹುಟ್ಟಿದ ತಾರೀಖು? ಆಧಾರ್ ಸೆರಗಿನ ಗಂಟಿನಿಂದ ಬಂತು.
ಒಂದು, ಒಂದು, ಎಪ್ಪತ್ತೈದು.
ಈ ಸಾಲಿನವರೆಲ್ಲ ಜನವರಿ ಒಂದಕ್ಕೇ ಹುಟ್ಟಿದವರು,
ಇಡೀ ಓಣಿ ಅವತ್ತೇ ಹೆರಿಗೆಗೆ ಕೂತಿರಬೇಕು.

ತಿಂಗಳು ಬಿಟ್ಟು ಹೋದೆ.
ಫಲಿತಾಂಶ ಹೇಳಬಾರದೆಂದು ನಿಯಮ
(ಕೊಟ್ರಬಸಪ್ಪನವರದು ದುಡ್ಡು ಕೊಟ್ಟ ಪರೀಕ್ಷೆ, ಇದು ಸಂಶೋಧನೆ).
ಹೇಳಿಬಿಟ್ಟೆ. ಕಾರ್ಡಿನಲ್ಲಿ ಐವತ್ತು, ರಕ್ತದಲ್ಲಿ ಅರವತ್ತಾರು.
ಅತ್ತಾಳೆಂದು ನೀರಿನ ಬಾಟಲಿ ತೆಗೆದಿಟ್ಟುಕೊಂಡಿದ್ದೆ.

ಕಣ್ಣರಳಿಸಿದಳು.
"ಅರವತ್ತಾರಾ? ಖರೇನಾ?
ಹಂಗಂತ ಒಂದು ಕಾಗದದಾಗೆ ಬರ್ದು ಸೀಲ್ ಹೊಡ್ದು ಕೊಡವ್ವ.
ಪಿಂಚಣಿಗೆ ಅರವತ್ತೈದು ಆಗ್ಬೇಕಂತೆ,
ನಿಂಗಿನ್ನೂ ವಯಸ್ಸಾಗಿಲ್ಲ ಹೋಗು ಅಂತ ಮೂರು ಸಲ ಓಡಿಸ್ಯಾರೆ.
ಕಾರ್ಡಿನ ಹುಡುಗ ಮಕ ನೋಡಿ ಬರ್ದಿದ್ದು ಅದು.
ಅವತ್ತು ಎಣ್ಣೆ ಹಚ್ಚಿ, ತಲೆ ಬಾಚಿ, ಹೂ ಮುಡ್ಕಂಡು ಹೋಗಿದ್ದೆ.
ಅದೇ ತಪ್ಪಾತು."

ನನ್ನ ಹತ್ತಿರ ಸೀಲಿರಲಿಲ್ಲ.
ಮೇಡಂ ಹತ್ತಿರ ಇರುವ ಸೀಲನ್ನು
ಕಚೇರಿಯವರು ಓದುವುದಿಲ್ಲ.
ಆದರೂ ಕೇಳುತ್ತೇನೆ ಅಂದೆ,
ಅಂದದ್ದು ಅವಳಿಗೂ ಗೊತ್ತಾಯಿತು.

ಬರುವಾಗ ಪೇಪರಿನಲ್ಲಿ ಬಿಸಿ ಮಂಡಕ್ಕಿ ಕಟ್ಟಿಕೊಟ್ಟಳು.
ಕೈಯಲ್ಲಿ ಹಿಡಿಯಲಾಗದೆ ಐಸ್ ಡಬ್ಬಿಯ ಮೇಲಿಟ್ಟೆ.
ಸಿಗ್ನಲ್ಲಿನಲ್ಲಿ ಮೊಣಕಾಲಿಗೆ ಅದರ ಶಾಖ,
ಕೆಳಗೆ ತಣ್ಣಗೆ
ಹನ್ನೆರಡು ಜನವರಿ ಒಂದು.