ಹಾವು, ಜೋಕೆ

ಪೆನ್ಸಿಲ್ವೇನಿಯಾದ ಕಲ್ಲುಗಳನ್ನು ರಾತ್ರಿ ಯಾರೋ ಕೂತು
ಮಸೆದಿಡುತ್ತಾರೆ ಅನ್ನುತ್ತಿದ್ದರು ನಡೆಯುವವರು.
ನಾನು ನಗಲಿಲ್ಲ. ಬಲಗಾಲಿನ ಮೂರು ಉಗುರು
ಆಗಲೇ ಕಪ್ಪಿಟ್ಟಿದ್ದವು.

ಆ ದಾರಿಯಲ್ಲಿ ಯಾರಿಗೂ ಮನೆಯ ಹೆಸರಿಲ್ಲ.
ಅವಳು ಸೌಟು, ಚೀಲದ ಹೊರಗೆ ಸದಾ ಒಂದು ತೂಗುತ್ತಿತ್ತೆಂದು.
ನಾನು ಲೆಕ್ಕಿಗ.
ಕಾಲು ಮೈಲಿಯನ್ನೂ ಬಿಡದೆ ಬರೆದಿಡುವವನು;
ನೀರಿಗೆಂದು ದಾರಿ ಬಿಟ್ಟರೆ, ಬಿಟ್ಟ ಮರಕ್ಕೇ ಮರಳಿ
ಅದರ ಬಿಳಿ ಪಟ್ಟಿ ಮುಟ್ಟಿ ಮುಂದೆ ಹೋಗುವವನು.
ಜಾರ್ಜಿಯಾದಿಂದ ಇಲ್ಲಿವರೆಗೆ ಒಂದು ಪಟ್ಟಿ ತಪ್ಪಿಲ್ಲ
ಎಂದು, ಕೇಳದವರಿಗೂ ಹೇಳಿದ್ದೆ.

ಆ ಬುಧವಾರ ಮಳೆ.
ದಾರಿ ಟಾರು ರಸ್ತೆ ದಾಟುವಲ್ಲಿ ಪಿಕಪ್ ನಿಲ್ಲಿಸಿ
ಲೀರಾಯ್ ಕಿಸ್ಲರ್ ಎಂಬ ಮುದುಕ ಕೇಳಿದ್ದು ಇಷ್ಟೆ:
"ಬರ್ತೀಯಾ?"
ಇಲ್ಲ ಅನ್ನಲು ಬಾಯಿ ತೆರೆದೆ.
ತೆರೆದದ್ದು ಬಾಗಿಲು.

ಹಿಂದೆ ಪೀಚ್ ಹಣ್ಣಿನ ಬುಟ್ಟಿಗಳು. ಒಂದು ಕೊಟ್ಟ.
ಹೀಟರಿನ ಬಿಸಿ, ನಾಯಿಯ ವಾಸನೆ, ಗದ್ದಕ್ಕಿಳಿದ ರಸ.
ಹದಿನಾಲ್ಕು ಮೈಲಿ, ಇಪ್ಪತ್ತೆರಡು ನಿಮಿಷ.
ರಸ್ತೆ ನಡುವಿನ ಹಳದಿ ಗೆರೆ
ಪಕ್ಕದಲ್ಲೇ ಓಡಿ ಬಂತು, ಏನೂ ಕೇಳದೆ.
(ಎರಡು ಸಾವಿರದ ನೂರು ಚಿಲ್ಲರೆ ಮೈಲಿಯಲ್ಲಿ
ಇಂದಿಗೂ ನಾಲಗೆಗೆ ನೆನಪಿರುವುದು ಅದೊಂದೇ.)

ತಂಗುವ ಜೋಪಡಿಯಲ್ಲೊಂದು ಪುಸ್ತಕ. ಅದರಲ್ಲಿ ಬರೆದೆ:
"ಕೆಟ್ಟ ಮಳೆ. ಕಲ್ಲು ಜಾರುತ್ತೆ. ಗೋಪುರದ ಬಳಿ ಹಾವು, ಜೋಕೆ."
ಗೋಪುರವನ್ನು ನಕ್ಷೆಯಿಂದ ತೆಗೆದೆ.
ಹಾವನ್ನು ಎಲ್ಲಿಂದ ತೆಗೆದೆನೋ.
ಬರೀ ಮಳೆ ಸಾಕಿತ್ತು.

ಸಂಜೆ ಸೌಟು ಬಂದಳು, ಮೈಯೆಲ್ಲ ನೀರಿಳಿಯುತ್ತ.
ಪುಸ್ತಕ ಓದಿದಳು. ನನ್ನ ಬೂಟು ನೋಡಿದಳು.
ಹಗ್ಗದ ಮೇಲೆ ತನ್ನ ಕಾಲುಚೀಲ ಒತ್ತರಿಸಿ
"ನಿನ್ನದಕ್ಕೂ ಜಾಗ ಇದೆ" ಅಂದಳು.
ಒಣಗಿದ ಕಾಲುಚೀಲವನ್ನು ಒಣಹಾಕಿದೆ,
ಅವಳ ಕಣ್ಣೆದುರೇ.

ಆಮೇಲೆ ಯಾರು ಕಾರಿನ ಮಾತೆತ್ತಿದರೂ
ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಂಡೆ.
ಒಬ್ಬ ಹುಡುಗ ಬಿಯರು ಹೀರುತ್ತ
"ಅರ್ಧ ವರ್ಜೀನಿಯಾ ಬಸ್ಸಲ್ಲೇ ಮುಗಿಸಿದೆ" ಎಂದು ನಕ್ಕ.
ಅವನನ್ನು ಎಲ್ಲರಿಗಿಂತ ಹೆಚ್ಚು ಬೈದವನು ನಾನು.
ರಾತ್ರಿ ಅವನ ಗೊರಕೆ ಕೇಳುತ್ತ ಎಚ್ಚರವಿದ್ದೆ.

ಮೇನ್‌ನ ಕೊನೆಯ ಬೆಟ್ಟದ ಮೇಲೆ ಅತ್ತೆ. ಅದು ನಿಜ.
ಊರಿಗೆ ಬಂದು ಅರ್ಜಿ ತುಂಬಿದೆ:
ಪೂರ್ತಿ ನಡೆದಿದ್ದೀರಾ?
ಹೌದು. ಸಹಿ.
ಯಾರೂ ಪರೀಕ್ಷಿಸುವುದಿಲ್ಲ, ಅದೇ ಕಷ್ಟ.
ಪ್ರಮಾಣಪತ್ರ ಬಂತು. ಹಲ್ಲಿನ ವೈದ್ಯರ ಬಿಲ್ಲುಗಳ ಕೆಳಗೆ
ಎಲ್ಲೋ ಇದೆ.

ಸೌಟಿನ ನಿಜ ಹೆಸರು ವರ್ನಾ.
ಪ್ರತಿ ಡಿಸೆಂಬರಿಗೂ ಓಹಾಯೋದಿಂದ ಅವಳ ಕಾರ್ಡು;
ಮೊಮ್ಮಕ್ಕಳ ಸುದ್ದಿ, ಮಂಡಿಯ ಸುದ್ದಿ, ಕೊನೆಗೊಂದು ಸಾಲು:
ಕಾಲುಚೀಲ ಒಣಗಿತಾ?

ಹತ್ತೊಂಬತ್ತನೆಯ ಕಾರ್ಡಿನ ನಂತರದ ಸೆಪ್ಟೆಂಬರಿನಲ್ಲಿ
ಜೋಪಡಿಗೆ ಅರ್ಧ ಮೈಲಿ ಇರುವ ಅಡ್ಡರಸ್ತೆಯಲ್ಲಿ ಕಾರು ಬಿಟ್ಟು,
ಬಾಡಿಗೆ ಗಾಡಿಯಲ್ಲಿ ಹಿಂದಕ್ಕೆ ಹೋಗಿ,
ಕಿಸ್ಲರ್ ಹತ್ತಿಸಿಕೊಂಡ ತಿರುವಿನಿಂದ ಹೊರಟೆ.
ವಿಶೇಷವೇನಿಲ್ಲ. ಕಲ್ಲು. ಜರೀಗಿಡ. ಮತ್ತೆ ಕಲ್ಲು.
ಗೋಪುರ ಇತ್ತು, ತುಕ್ಕು ಹಿಡಿದು.
ಅದರ ಬುಡದಲ್ಲಿ ಅರ್ಧ ಗಂಟೆ ಕೂತೆ,
ಹಾವಿಗಾಗಿ.

ಬರಲಿಲ್ಲ.

ಅಡ್ಡರಸ್ತೆಗೆ ಇಳಿದಾಗ ನನ್ನ ಕಾರಿಗೆ ಒರಗಿ
ಒಬ್ಬಳು ಹುಡುಗಿ. ಹಿಮ್ಮಡಿಯ ಗಂಟು ಕುಂಬಳದಷ್ಟು.
"ಕೂತು ಹೋದರೆ" ಅಂದಳು, "ಇಡೀ ನಡಿಗೆಯೇ ಸುಳ್ಳಾಗುತ್ತಾ?"
ಲೆಕ್ಕಿಗನಿಗೆ ಉತ್ತರ ಹೊಳೆಯಲಿಲ್ಲ.
ಸೀಟು ಹಿಂದಕ್ಕೆ ಸರಿಸಿದೆ, ಕಾಲು ಚಾಚಲೆಂದು.
ಆಸ್ಪತ್ರೆ ಮುಟ್ಟುವಾಗ ಕತ್ತಲಾಗಿತ್ತು.

ಮರುದಿನ ಮಂಡಿ ಏಳಗೊಡಲಿಲ್ಲ.
ಮೋಟೆಲಿನ ಕಾಗದದ ಮೇಲೆ, ಡಿಸೆಂಬರಿಗೆ ಕಾಯದೆ,
ವರ್ನಾಗೆ ಬರೆದೆ:
ಹಾವಿರಲಿಲ್ಲ.
ಅರ್ಧ ಮೈಲಿ ಬಾಕಿ ಇದೆ.