ಗಳಿಗೆಗೊಂದು ಸುತ್ತು

ಗುತ್ತಲು ರಸ್ತೆಯ ನಮ್ಮ ಅಂಗಡಿಗೆ ಬರುತ್ತಿದ್ದವು
ಸುಟ್ಟ ಮೋಟಾರುಗಳು, ಎತ್ತಿನಗಾಡಿಯಲ್ಲಿ ಅಂಗಾತ ಮಲಗಿ:
ಪಂಪ್‌ಸೆಟ್ಟಿನವು, ಹಿಟ್ಟಿನ ಗಿರಣಿಯವು, ಆಲೆಮನೆಯವು.
ತಂದವರದು ಒಂದೇ ಮಾತು:
ಬೇಗ ಕಟ್ಕೊಡು, ಜೋರಾಗಿ ತಿರುಗ್ಬೇಕು.

ಎಪ್ಪತ್ತೆಂಟರ ಮಾಗಿಯಲ್ಲಿ ಒಬ್ಬ ಬಂದ,
ಟವೆಲಿನಲ್ಲಿ ಸುತ್ತಿದ ತಗಡಿನ ಪೆಟ್ಟಿಗೆ ಎದೆಗವಚಿಕೊಂಡು.
ಎರ್ಮಾನ್ನೊ ಅಂದ. ಅಪ್ಪನಿಗೆ ಕೇಳಿಸಿದ್ದು ಎರ್ಮಣ್ಣ.
ಇಟಲಿಯವನಾದರೂ ಮದ್ದೂರು ಕಡೆಯ ಹೆಸರು;
ಹಾಗೇ ನಿಂತಿತು.

ನಿಧಾನ ಬೇಕು ಅಂದ.
ಗಾಳಿಯಲ್ಲಿ ಬೆರಳಿಂದ ಒಂದು ಸೊನ್ನೆ ಬರೆದ,
ಬರೆದು ಮುಗಿಸುವಷ್ಟರಲ್ಲಿ ಅಪ್ಪನ ಬೀಡಿ ಅರ್ಧ ಆಗಿತ್ತು.
"ಇಷ್ಟು ನಿಧಾನಕ್ಕೆ ಕರೆಂಟ್ಯಾಕಪ್ಪ,
ಒಂದು ಎಮ್ಮೆ ಕಟ್ಕೊ."

ಕಾರ್ಖಾನೆಯ ಕೆಮಿಸ್ಟು ತಿರುನಾರಾಯಣ
ಅರ್ಧಂಬರ್ಧ ಬಿಡಿಸಿ ಹೇಳಿದ ಕಥೆ ಇಷ್ಟು:
ಬೆರ್ಗಾಮೊದಲ್ಲಿ ಐವರು ಗೆಳೆಯರು.
ಅಯಸ್ಕಾಂತ, ತಗಡು, ಬಲ್ಬು, ಅಲುಗಾಡುವ ಕಲೆ.
ಯಾವುದಕ್ಕೂ ಯಾರೂ ಸಹಿ ಹಾಕಬಾರದೆಂದು ಆಣೆ.
ಒಂದು ವರ್ಷ ಎಲ್ಲ ಪೇಪರಿನಲ್ಲೂ ಅವರದೇ ಫೋಟೊ.
ಮುಂದಿನ ವರ್ಷ ಸಾಹುಕಾರರು ಕೇಳಿದ್ದು
ಮೊಳೆಗೆ ನೇತುಹಾಕುವಂಥದ್ದು, ಸುಮ್ಮನಿರುವಂಥದ್ದು,
ಮೂಲೆಯಲ್ಲಿ ಹೆಸರಿರುವಂಥದ್ದು.
ನಾಲ್ವರು ಹೆಸರು ಬರೆದರು.

ಇವನ ಮೋಟಾರುಗಳು ಒಂದೊಂದಾಗಿ ಸುಟ್ಟವು.
ಹೊಸದು ಹಾಕು ಅಂದರಂತೆ ಅಲ್ಲಿ. ಕಟ್ಟುವವರಿಲ್ಲವಂತೆ.
ಮೈಸೂರಿಗೆ ಹೊರಟವನು ರೈಲಿನ ಕಿಟಕಿಯಿಂದ
ನಮ್ಮ ಬೋರ್ಡಿನ ತಾಮ್ರದ ಸುರುಳಿ ಕಂಡು
ಇಳಿದೇಬಿಟ್ಟನಂತೆ.

ಅಪ್ಪ ಬಕೆಟ್ಟಿಗೆ ನೀರು ತುಂಬಿ
ತೂತಿನ ಕರಟವೊಂದನ್ನು ತೇಲಿಬಿಟ್ಟ.
ಅದು ಮುಳುಗುವ ತನಕ ಇಬ್ಬರೂ ಮಾತಾಡಲಿಲ್ಲ.
ಗುಳುಕ್.
"ಇದು ಒಂದು ಗಳಿಗೆ. ಗಳಿಗೆಗೊಂದು ಸುತ್ತು, ಸಾಕಾ?"
ಅವನು ಬಕೆಟ್ಟಿನೊಳಗೆ ನೋಡುತ್ತಲೇ ಇದ್ದ.

ತಾಮ್ರ ಸುತ್ತಿದ್ದು ಅಪ್ಪ.
ಹಿತ್ತಾಳೆ ಚಕ್ರಕ್ಕೆ ಹಲ್ಲು ಕೊರೆದದ್ದು ನಾನು, ಆಗ ಹದಿನೈದು.
ತೊಂಬತ್ತಾರು ಹಲ್ಲು, ಒಂದೇ ಅರ.
ಐವತ್ತಮೂರನೆಯದಕ್ಕೆ
ಸಕ್ಕರೆ ಕಾರ್ಖಾನೆಯ ಎರಡು ಗಂಟೆ ಸೈರನ್ನು ಕೂಗಿತು,
ಪಾಳಿ ಬಿಟ್ಟ ಸೈಕಲ್ಲುಗಳು ಬೀದಿ ತುಂಬಿದವು,
ನನ್ನ ಕೈ ಒಂದೆಳೆ ಆಳಕ್ಕೆ ಹೋಯಿತು.
ಯಾರಿಗೂ ಹೇಳಲಿಲ್ಲ.

ಶುರು ಮಾಡಿದ ಸಂಜೆ, ಶಟರ್ ಅರ್ಧ ಎಳೆದು ಕೂತೆವು.
ಗೋಡೆಯ ಮೇಲೆ ನೆರಳು ಏರಿತು,
ನಾಲೆಯ ನೀರು ಕಬ್ಬಿನ ಸಾಲಿಗೆ ಹತ್ತುವ ಹಾಗೆ.
ಹತ್ತಿದ್ದು ಗೊತ್ತಾಗುತ್ತದೆ, ಹತ್ತುವುದು ಕಾಣುವುದಿಲ್ಲ.
ಎರ್ಮಣ್ಣ ಅತ್ತನೆಂದು ಅಪ್ಪ ಆಮೇಲೆ ಹೇಳುತ್ತಿದ್ದ.
ವಾರ್ನಿಷಿನ ಘಾಟೂ ಇರಬಹುದು.

ಹೋದ ವರ್ಷ ಅಲ್ಲಿನ ಮ್ಯೂಸಿಯಮ್ಮಿನಿಂದ ಕಾಗದ.
ಅವನಿಲ್ಲ. ಅಪ್ಪನೂ ಇಲ್ಲ. ಪೆಟ್ಟಿಗೆ ತಿರುಗುತ್ತಿದೆ.
ಮುಚ್ಚಳದ ಒಳಗಿನ ಫೋಟೊ, ಪೆನ್ಸಿಲಿನಲ್ಲಿ ಅಪ್ಪನ ಕೊಕ್ಕರೆಕಾಲು:
೩೮ ಗೇಜು. ಶುಕ್ರವಾರ ಎಣ್ಣೆ. ಬಾಕಿ ೬೦ ರೂ.
ಇದು ಕಲಾವಿದರ ಗುಪ್ತ ಸಹಿಯೇ, ದಯವಿಟ್ಟು ತಿಳಿಸಿ.
ಇನ್ನೊಂದು: ಪ್ರತಿ ಸುತ್ತಿನಲ್ಲೂ ಒಂದು ಕಡೆ
ಅದು ತುಸು ತಡವರಿಸಿ ಮುಂದೆ ಹೋಗುತ್ತದೆ.
ಬೇಕೆಂದೇ ಇಟ್ಟದ್ದೆಂದು ಕೆಲವು ವಿದ್ವಾಂಸರು. ಅಲ್ಲವೆಂದು ಕೆಲವರು.

ಗೇಜು ಬರೆದೆ, ಎಣ್ಣೆ ಬರೆದೆ,
ಬಾಕಿ ಬರೆಯಲಿಲ್ಲ.
ತಡವರಿಕೆಗೆ ಏನು ಬರೆಯಲಿ?
ಹಾಳೆ ಹರಿದೆ, ಇನ್ನೊಂದು ತೆಗೆದೆ, ಟೀ ಆರಿತು.

ಇಲ್ಲಿ ಕಾರ್ಖಾನೆ ಕೂಗಿದರೆ ಕೂಗಿತು, ಇಲ್ಲದಿದ್ದರೆ ಇಲ್ಲ.
ಅಲ್ಲಿ, ಬಿಳಿ ಗೋಡೆಯ ಕೋಣೆಯೊಂದರಲ್ಲಿ,
ಗಳಿಗೆಗೊಮ್ಮೆ ಪಾಳಿ ಬದಲು.